ಕೂಸಿನ ಕೆಂಪು ಮಚ್ಚೆ: ಬಾಣಂತನ ಮುಗಿಯಲಿ ಎಂದು ಕಾಯಬೇಡಿ



ಹೆರಿಗೆಯಾಗಿ ಹದಿನೈದು ದಿನ ಕಳೆದಿರುತ್ತದೆ. ಕೂಸಿಗೆ ಎಣ್ಣೆ ಹಚ್ಚಿ ನೀರು ಎರೆಯುವಾಗ ಅಜ್ಜಿಯ ಕಣ್ಣಿಗೆ ಕೆನ್ನೆಯ ಮೇಲೊಂದು ಸಣ್ಣ ಕೆಂಪು ಚುಕ್ಕೆ ಬೀಳುತ್ತದೆ. ಹುಟ್ಟಿದ ದಿನ ಅದು ಇರಲೇ ಇಲ್ಲ. "ಸೊಳ್ಳೆ ಕಚ್ಚಿರಬೇಕು ಬಿಡಮ್ಮ" ಎನ್ನುತ್ತಾರೆ. ಇನ್ನೊಂದು ವಾರಕ್ಕೆ ಅದು ಉದ್ದಿನಕಾಳಿನಷ್ಟಾಗುತ್ತದೆ, ಆಮೇಲೆ ಕಡಲೆಕಾಳಿನಷ್ಟು. ಒಂದೂವರೆ ತಿಂಗಳಾಗುವ ಹೊತ್ತಿಗೆ ಹಿಪ್ಪುನೇರಳೆ ಹಣ್ಣೊಂದನ್ನು ತಂದು ಅಂಟಿಸಿದ ಹಾಗೆ ಉಬ್ಬಿ ಕೂತಿರುತ್ತದೆ.

ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ. "ಗ್ರಹಣದ ದಿನ ಹೊರಗೆ ಬಂದಿದ್ದಳೋ ಏನೋ!" "ಬಸುರಿಯಲ್ಲಿ ಬಯಸಿದ್ದು ತಿನ್ನಲಿಲ್ಲ, ಅದಕ್ಕೇ ಹೀಗೆ." "ಏನೂ ಮಾಡೋದು ಬೇಡ, ದೊಡ್ಡವಳಾದಂತೆ ತಾನೇ ಹೋಗುತ್ತೆ."

ಮೊದಲ ಎರಡು ಮಾತು ಪೂರಾ ತಪ್ಪು. ಮೂರನೆಯದು ಅರ್ಧ ಸರಿ, ಅಪಾಯ ಇರುವುದೂ ಅದರಲ್ಲೇ. ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ನಿಜವಾಗಿಯೂ ತಾವೇ ಹೋಗುತ್ತವೆ. ಆದರೆ ಕೆಲವು ಮಚ್ಚೆಗಳು ಹೋಗುವ ಮೊದಲೇ ಕಣ್ಣನ್ನೋ ತುಟಿಯನ್ನೋ ಉಸಿರಿನ ದಾರಿಯನ್ನೋ ಕೆಡಿಸಿಬಿಡುತ್ತವೆ. ಅಂಥವಕ್ಕೆ ಇಂದು ಬಾಯಿಂದ ಕುಡಿಸುವ ಒಂದು ಒಳ್ಳೆಯ ಔಷಧವಿದೆ. ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಕೆಲವು ತಿಂಗಳಲ್ಲಿ, ಅಂದರೆ ತಾಯಿ ಮಗು ಇಬ್ಬರೂ ಬಾಣಂತಿ ಕೋಣೆಯಿಂದ ಹೊರಗೆ ಬಾರದ ದಿನಗಳಲ್ಲಿ! ಆದ್ದರಿಂದಲೇ ಈ ಸಲ ಈ ವಿಷಯ.

ಯಾವ ಮಚ್ಚೆ ಯಾವುದು?

ಕೂಸಿನ ಮೈಮೇಲಿನ ಎಲ್ಲ ಮಚ್ಚೆಯೂ ಒಂದೇ ಅಲ್ಲ. ನಾಲ್ಕು ಬಗೆಯನ್ನು ತಿಳಿದುಕೊಂಡರೆ ಮನೆಯಲ್ಲೇ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯದು, ಬೆನ್ನಿನ ಕೆಳಗೆ, ಕುಂಡೆಯ ಮೇಲೆ ಕಾಣುವ ನೀಲಿ ಬೂದು ಬಣ್ಣದ ಮಚ್ಚೆ. ನಮ್ಮ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೂ ರಕ್ತನಾಳಕ್ಕೂ ಸಂಬಂಧವೇ ಇಲ್ಲ. ಚರ್ಮದ ಬಣ್ಣ ಸ್ವಲ್ಪ ಆಳದಲ್ಲಿ ಉಳಿದದ್ದು, ಅಷ್ಟೇ. ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ.

ಎರಡನೆಯದು, ಕತ್ತಿನ ಹಿಂದೆ, ರೆಪ್ಪೆಯ ಮೇಲೆ, ಹುಬ್ಬಿನ ನಡುವೆ ಕಾಣುವ ನಸುಗೆಂಪು. ಚಪ್ಪಟೆಯಾಗಿರುತ್ತದೆ, ಮಗು ಅತ್ತಾಗ ಕೆಂಪೇರುತ್ತದೆ. ಮುಖದ ಮೇಲಿನದು ಬರಬರುತ್ತಾ ತಿಳಿಯಾಗುತ್ತದೆ. ಕತ್ತಿನದು ಉಳಿದರೂ ಕೂದಲಡಿ ಮುಚ್ಚಿಹೋಗುತ್ತದೆ. ಚಿಂತೆ ಬೇಡ.

ಮೂರನೆಯದು, ಹುಟ್ಟಿದ ದಿನದಿಂದಲೇ ಇರುವ, ದ್ರಾಕ್ಷಾರಸ ಚೆಲ್ಲಿದ ಹಾಗೆ ಕಾಣುವ ಕೆಂಪು. ಇದೂ ಚಪ್ಪಟೆ, ಆದರೆ ಹೋಗುವುದಿಲ್ಲ. ಮಗುವಿನ ಜೊತೆಗೇ ಬೆಳೆಯುತ್ತದೆ. ಗರ್ಭದಲ್ಲಿ ಒಂದು ಜೀನಿನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣವೆಂದು 2013ರಲ್ಲಿ ತಿಳಿದುಬಂತು. ಹಣೆ, ಮೇಲುರೆಪ್ಪೆಯ ಮೇಲಿದ್ದರೆ ಕಣ್ಣಿನ ಒತ್ತಡ, ಫಿಟ್ಸ್ ಬರುವ ಸಂಭವ ಉಂಟು, ವೈದ್ಯರಿಗೆ ತೋರಿಸಲೇಬೇಕು. ಇದಕ್ಕೆ ಲೇಸರ್ ಚಿಕಿತ್ಸೆ ಇದೆ. ನಾನೀಗ ಹೇಳಹೊರಟಿರುವ ಔಷಧ ಇದಕ್ಕಲ್ಲ.

ನಾಲ್ಕನೆಯದೇ ನಮ್ಮ ಹಿಪ್ಪುನೇರಳೆ. ವೈದ್ಯರು ಇದನ್ನು ಹೆಮ್ಯಾಂಜಿಯೋಮ ಎನ್ನುತ್ತಾರೆ. ರಕ್ತನಾಳಗಳ ಒಳಪದರದ ಕಣಗಳು ಒಂದೆಡೆ ಅತಿಯಾಗಿ ಬೆಳೆದು ಆಗುವ ಗಂಟು ಇದು. ಹುಟ್ಟಿದಾಗ ಇಲ್ಲದೆ, ಅಥವಾ ಒಂದು ಬಿಳಿಚಿದ ಗುರುತಾಗಿ ಮಾತ್ರ ಇದ್ದು, ಮೊದಲ ಕೆಲವು ವಾರಗಳಲ್ಲಿ ಎದ್ದು ಬರುತ್ತದೆ. ಚರ್ಮದ ಮೇಲಿದ್ದರೆ ಕೆಂಪು, ಆಳದಲ್ಲಿದ್ದರೆ ನೀಲಿ ಛಾಯೆಯ ಮೆತ್ತನೆಯ ಉಬ್ಬು. 100 ಮಕ್ಕಳಲ್ಲಿ ಸುಮಾರು 4-5 ಮಕ್ಕಳಿಗೆ ಬರುತ್ತದೆ. ಹೆಣ್ಣುಕೂಸುಗಳಲ್ಲಿ, ತಿಂಗಳು ತುಂಬದೆ ಹುಟ್ಟಿದವುಗಳಲ್ಲಿ, ತೂಕ ಕಡಿಮೆ ಇರುವವುಗಳಲ್ಲಿ, ಅವಳಿಗಳಲ್ಲಿ ಹೆಚ್ಚು. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವಲ್ಲ. ನೀವು ತಿಂದದ್ದರಿಂದ, ತಿನ್ನದೆ ಇದ್ದುದರಿಂದ, ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ. ಬಾಣಂತಿಯ ಮೇಲೆ ತಪ್ಪು ಹೊರಿಸಿ ಅವಳ ಕಣ್ಣಲ್ಲಿ ನೀರು ತರಿಸುವುದನ್ನು ದಯವಿಟ್ಟು ಬಿಡೋಣ.

ಬಾಣಂತನದ ಲೆಕ್ಕ, ಮಚ್ಚೆಯ ಲೆಕ್ಕ

ನಮ್ಮಲ್ಲಿ ಮಗಳು ತವರಿಗೆ ಬಂದರೆ ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಕೂಸಿಗೆ ಗಾಳಿ ಸೋಕಬಾರದು, ದೃಷ್ಟಿ ತಾಗಬಾರದು. "ಅವರ ಮನೆಗೆ ಕಳಿಸಿದ ಮೇಲೆ ಡಾಕ್ಟರಿಗೆ ತೋರಿಸ್ಕೊಳ್ಳಲಿ" ಎಂದು ತವರಿನವರು, "ಅಲ್ಲೇ ತೋರಿಸಿಕೊಂಡು ಬರಬಾರದಿತ್ತೇ" ಎಂದು ಅತ್ತೆಮನೆಯವರು!

ಆದರೆ ಈ ಮಚ್ಚೆ ನಮ್ಮ ಪಂಚಾಂಗ ನೋಡಿ ಬೆಳೆಯುವುದಿಲ್ಲ. ಇದು ಅತಿ ಬೇಗ ಬೆಳೆಯುವುದು ಕೂಸಿಗೆ 5 ರಿಂದ 8 ವಾರವಾಗಿರುವಾಗ. 3 ತಿಂಗಳು ತುಂಬುವಷ್ಟರಲ್ಲಿ ತನ್ನ ಪೂರ್ತಿ ಗಾತ್ರದ ಸುಮಾರು ಶೇ. 80ರಷ್ಟನ್ನು ಮುಟ್ಟಿಬಿಟ್ಟಿರುತ್ತದೆ. ಆಮೇಲೆ ನಿಧಾನವಾಗುತ್ತದೆ. ಮಗುವಿಗೆ ಒಂದು ವರ್ಷವಾದ ಮೇಲೆ ಕುಗ್ಗತೊಡಗಿ, 4 ವರ್ಷದ ಹೊತ್ತಿಗೆ ಹೆಚ್ಚಿನವು ಬಹುಪಾಲು ಇಳಿದಿರುತ್ತವೆ. ಆದರೆ ಇಳಿಯಿತು ಅಂದರೆ ಗುರುತೇ ಇಲ್ಲವೆಂದಲ್ಲ. ಔಷಧ ಕೊಡದೆ ಬಿಟ್ಟ ಮಚ್ಚೆಗಳಲ್ಲಿ ಸುಮಾರು ಅರ್ಧದಷ್ಟು ಜೋಲುಬಿದ್ದ ಚರ್ಮವನ್ನೋ, ಕಲೆಯನ್ನೋ, ಸಣ್ಣ ಕೆಂಪು ನಾಳಗಳನ್ನೋ ಉಳಿಸಿ ಹೋಗುತ್ತವೆ.

ಹೀಗಾಗಿ ಬಾಣಂತನ ಮುಗಿಸಿ ಮಗು ತೊಟ್ಟಿಲಿಂದ ಅಪ್ಪನ ಮನೆಗೆ ಹೋಗುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿ ಮುಗಿದಿರುತ್ತದೆ. ಅಮೆರಿಕದ ಮಕ್ಕಳ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ: ಅಪಾಯದ ಜಾಗದಲ್ಲಿರುವ ಮಚ್ಚೆಯನ್ನು ಮಗುವಿಗೆ ಒಂದು ತಿಂಗಳಾಗುವ ಹೊತ್ತಿಗೇ ತಜ್ಞರಿಗೆ ತೋರಿಸಬೇಕು.

ಯಾವುದನ್ನು ಕಾಯಬಾರದು?

ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ, ತೋಳಿನ ಮೇಲೆ ಕಡಲೆಕಾಳಿನಷ್ಟಿರುವ ಮಚ್ಚೆಗೆ ಬಹಳ ಸಲ ಏನೂ ಬೇಡ. ವೈದ್ಯರು ಒಮ್ಮೆ ನೋಡಿ "ಇರಲಿ ಬಿಡಿ" ಎಂದರೆ ನೆಮ್ಮದಿಯಾಗಿರಿ. ಆದರೆ ಈ ಕೆಳಗಿನವು ಬೇರೆ:

ಕಣ್ಣಿನ ರೆಪ್ಪೆ ಅಥವಾ ಕಣ್ಣಿನ ಪಕ್ಕ. ಉಬ್ಬಿ ಕಣ್ಣನ್ನು ಮುಚ್ಚಿದರೆ, ಒತ್ತಿದರೆ, ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಮಚ್ಚೆ ಆಮೇಲೆ ಹೋದರೂ ಕಳೆದ ದೃಷ್ಟಿ ಪೂರ್ತಿ ಮರಳದೆ ಇರಬಹುದು.

ಮೂಗಿನ ತುದಿ, ತುಟಿ, ಕಿವಿ. ಇಲ್ಲಿ ಬೆಳೆದರೆ ಆಕಾರವೇ ಕೆಡುತ್ತದೆ. ತುಟಿಯ ಮೇಲೆ ಹುಣ್ಣಾದರೆ ಕೂಸಿಗೆ ಹಾಲು ಕುಡಿಯುವುದೂ ನೋವು.

ಗದ್ದ, ದವಡೆ, ಕತ್ತಿನ ಮುಂಭಾಗ. ಗಂಡಸರಿಗೆ ಗಡ್ಡ ಬರುವ ಜಾಗ ಎಂದು ನೆನಪಿಟ್ಟುಕೊಳ್ಳಿ. ಇಲ್ಲಿ ಹರಡಿದ್ದರೆ ಗಂಟಲ ಒಳಗೂ ಒಂದಿರಬಹುದು. ಮಗುವಿನ ಉಸಿರಲ್ಲಿ ಗೊರಗೊರ ಸದ್ದು, ಅಳುವಾಗ ದನಿ ಒಡೆದ ಹಾಗಿದ್ದರೆ ಅಂದೇ ಆಸ್ಪತ್ರೆಗೆ ಹೊರಡಿ.

ಮುಖದ ಅಥವಾ ತಲೆಯ ಒಂದು ಭಾಗಕ್ಕೆಲ್ಲ ಹರಡಿದ ದೊಡ್ಡ ಮಚ್ಚೆ. ಇದರ ಜೊತೆ ಮಿದುಳಿನ ರಕ್ತನಾಳ, ಹೃದಯದಲ್ಲೂ ದೋಷವಿರುವ ಸಂಭವವುಂಟು. ಔಷಧ ಶುರುಮಾಡುವ ಮೊದಲೇ ವೈದ್ಯರು ಸ್ಕ್ಯಾನ್ ಮಾಡಿಸುತ್ತಾರೆ.

ಬಟ್ಟೆ ಕಟ್ಟುವ ಜಾಗ, ಸೊಂಟದ ನಡುಬೆನ್ನು. ಒದ್ದೆಗೂ ಉಜ್ಜುವಿಕೆಗೂ ಬೇಗ ಹುಣ್ಣಾಗುತ್ತದೆ. ಬೆನ್ನುಹುರಿಯ ಪರೀಕ್ಷೆಯೂ ಬೇಕಾಗಬಹುದು.

ಮೈಮೇಲೆ ಐದು ಅಥವಾ ಅದಕ್ಕಿಂತ ಹೆಚ್ಚು ಮಚ್ಚೆ. ಒಳಗೆ ಈಲಿಯಲ್ಲೂ (ಪಿತ್ತಜನಕಾಂಗ) ಇರಬಹುದು. ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ.

ಇಷ್ಟಕ್ಕೆ ಬಾಣಂತಿ ಕೋಣೆ ಬಿಟ್ಟು ಹೋಗಲೇಬೇಕೇ ಎನ್ನುತ್ತೀರಾ? ಹೇಗೂ ಲಸಿಕೆಗೆ ಆರನೇ ವಾರ ಕರೆದುಕೊಂಡು ಹೋಗುತ್ತೀರಲ್ಲ, ಅಲ್ಲಿ ಕೂಸಿನ ಅಂಗಿ ಬಿಚ್ಚಿ ತೋರಿಸಿ. ಮೇಲೆ ಹೇಳಿದ ಜಾಗವಾದರೆ ಅಲ್ಲಿಯವರೆಗೂ ಕಾಯಬೇಡಿ. ಮೊದಲ ಆರು ವಾರಗಳಲ್ಲಿ ಆಶಾ ಕಾರ್ಯಕರ್ತೆ ಹಲವು ಸಲ ಮನೆಗೇ ಬರುತ್ತಾರೆ, ಅವರಿಗೆ ತೋರಿಸಿ ಕೇಳಿ. ವಾರಕ್ಕೊಂದು ದಿನ, ಅದೇ ಬೆಳಕಿನಲ್ಲಿ, ಹೊಲಿಗೆಯ ಟೇಪು ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹತ್ತು ಮಾತು ಹೇಳುವುದನ್ನು ಆ ನಾಲ್ಕು ಫೋಟೋ ವೈದ್ಯರಿಗೆ ಹೇಳುತ್ತವೆ.

ಹೃದಯದ ಮದ್ದು ಮಚ್ಚೆಗೆ ಬಂದದ್ದು

ಹಿಂದೆ ಈ ಮಚ್ಚೆಗೆ ಏನೇನು ಮಾಡಿಲ್ಲ! ಸ್ವೀಡನ್ನಿನಲ್ಲಿ 1920ರಿಂದ 1959ರವರೆಗೆ ಸಾವಿರಾರು ಕೂಸುಗಳಿಗೆ ರೇಡಿಯಂ ಇಟ್ಟು ಚಿಕಿತ್ಸೆ ಮಾಡಿದ್ದರು. ಮುಂದೆ ಅವರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂತು. 1960ರ ದಶಕದಿಂದ ಸ್ಟೀರಾಯ್ಡ್ ಔಷಧಗಳು ಬಂದವು. ಅವು ಕೆಲಸ ಮಾಡುತ್ತಿದ್ದವು, ಆದರೆ ತಿಂಗಳುಗಟ್ಟಲೆ ಕೊಟ್ಟರೆ ಕೂಸಿನ ಮುಖ ಊದುವುದು, ಬೆಳವಣಿಗೆ ಕುಂಠಿತವಾಗುವುದು, ರಕ್ತದೊತ್ತಡ ಏರುವುದು ಇತ್ತು.

ಇತ್ತ ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಎದೆನೋವಿನ ರೋಗಿಗಳಿಗಾಗಿ ಪ್ರೊಪ್ರನಲಾಲ್ ಎಂಬ ಮದ್ದು ಕಂಡುಹಿಡಿದರು. ಹೃದಯದ ಬಡಿತವನ್ನು ತಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡುವ ಮದ್ದು. ಅವರಿಗೆ 1988ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂತು. ರಕ್ತದೊತ್ತಡ, ತಲೆನೋವು ಎಂದು ನಿಮ್ಮ ಮನೆಯ ಹಿರಿಯರಲ್ಲೇ ಯಾರಾದರೂ ಇದನ್ನು ನುಂಗಿರಬಹುದು.

ಇದಕ್ಕೂ ಕೂಸಿನ ಮಚ್ಚೆಗೂ ಎಲ್ಲಿಯ ನಂಟು? ಫ್ರಾನ್ಸಿನ ಬೋರ್ಡೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಕ್ರಿಸ್ಟೀನ್ ಲೆಯೋತೆ ಲಬ್ರೇಜ಼್ ಎಂಬ ಚರ್ಮತಜ್ಞೆಯ ಬಳಿ ಮೂಗಿನ ಮೇಲೆ ಮಚ್ಚೆಯಿದ್ದ ಒಂದು ಮಗು ಇತ್ತು. ಸ್ಟೀರಾಯ್ಡ್ ಕೊಡುತ್ತಿದ್ದಾಗ ಅದರ ಹೃದಯದ ಸ್ನಾಯು ದಪ್ಪವಾಗತೊಡಗಿತು. ಹೃದಯಕ್ಕೆಂದು ಪ್ರೊಪ್ರನಲಾಲ್ ಶುರುಮಾಡಿದರು. ಮಾರನೆಯ ದಿನವೇ ಕಡುಗೆಂಪಾಗಿದ್ದ ಮಚ್ಚೆ ನೇರಳೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು! ಸ್ಟೀರಾಯ್ಡ್ ಕಡಿಮೆ ಮಾಡಿದರೂ ಮಚ್ಚೆ ಇಳಿಯುತ್ತಲೇ ಹೋಯಿತು. ಇನ್ನೊಂದು ಮಗುವಿನಲ್ಲೂ ಹಾಗೆಯೇ ಆಯಿತು. ಆಮೇಲೆ ತಂದೆತಾಯಿಯರ ಒಪ್ಪಿಗೆ ಪಡೆದು ಇನ್ನೂ 9 ಮಕ್ಕಳಿಗೆ ಕೊಟ್ಟರು. ಒಟ್ಟು 11 ಮಕ್ಕಳ ಈ ಸಂಗತಿ 2008ರ ಜೂನಿನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಒಂದು ಮಗು ನೋಡಿ ತೀರ್ಮಾನಕ್ಕೆ ಬರುವುದು ವೈದ್ಯಶಾಸ್ತ್ರದ ರೀತಿಯಲ್ಲ. 460 ಕೂಸುಗಳನ್ನು ಸೇರಿಸಿಕೊಂಡ ದೊಡ್ಡ ಪರೀಕ್ಷೆಯ ಫಲ 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ತೂಕದ ಪ್ರತಿ ಕಿಲೋಗೆ 3 ಮಿ.ಗ್ರಾಂನಂತೆ 6 ತಿಂಗಳು ಔಷಧ ಪಡೆದವರಲ್ಲಿ ಶೇ. 60 ಮಕ್ಕಳ ಮಚ್ಚೆ ಪೂರ್ತಿ ಅಥವಾ ಬಹುತೇಕ ಮಾಯವಾಗಿತ್ತು. ಔಷಧವಿಲ್ಲದ ಬರೀ ನೀರುಮದ್ದು ಪಡೆದವರಲ್ಲಿ ಇದು ಶೇ. 4 ಮಾತ್ರ. ಅಮೆರಿಕ ಸರ್ಕಾರದ ಔಷಧ ಇಲಾಖೆ 2014ರಲ್ಲೇ ಈ ಬಳಕೆಗೆ ಒಪ್ಪಿಗೆ ಕೊಟ್ಟಿತ್ತು. ನಮ್ಮ ದೇಶದ ವೈದ್ಯರೂ ಇದನ್ನು ಬಳಸುತ್ತಾರೆ. ಹಳೆಯ ಮದ್ದಾದ್ದರಿಂದ ಮಾತ್ರೆಗೆ ಬೆಲೆಯೂ ಕಡಿಮೆ.

ಔಷಧ ಕುಡಿಸುವಾಗ

ಮೊದಲೇ ಹೇಳಿಬಿಡುತ್ತೇನೆ. ಅಜ್ಜನ ಡಬ್ಬಿಯಲ್ಲಿರುವ ಮಾತ್ರೆಯನ್ನು ಅರೆದು ಕೂಸಿಗೆ ಕುಡಿಸುವ ಸಾಹಸ ಯಾರೂ ಮಾಡಕೂಡದು. ಇದು ಹೃದಯದ ಮದ್ದು. ವೈದ್ಯರು ಕೂಸಿನ ಎದೆಬಡಿತ, ರಕ್ತದೊತ್ತಡ ನೋಡಿ, ಬೇಕಾದರೆ ಇ.ಸಿ.ಜಿ. ತೆಗೆಸಿ, ತೂಕಕ್ಕೆ ತಕ್ಕಂತೆ ಸ್ವಲ್ಪದರಿಂದ ಶುರುಮಾಡಿ ಹೆಚ್ಚಿಸುತ್ತಾರೆ. ತೀರ ಎಳೆಯ ಕೂಸನ್ನು, ತಿಂಗಳು ತುಂಬದೆ ಹುಟ್ಟಿದ್ದನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಶುರುಮಾಡುವುದುಂಟು. ಮಗುವಿಗೆ ಉಬ್ಬಸ ಬಂದಿದ್ದರೆ ಮರೆಯದೆ ಹೇಳಿ.

ಆಮೇಲಿನ ಜವಾಬ್ದಾರಿ ನಿಮ್ಮದು. ಇಷ್ಟು ನೆನಪಿಡಿ:

1. ಹಾಲು ಮೊದಲು, ಮದ್ದು ಆಮೇಲೆ. ಇದು ಎಲ್ಲಕ್ಕಿಂತ ಮುಖ್ಯ. ಈ ಔಷಧ ಖಾಲಿ ಹೊಟ್ಟೆಯ ಕೂಸಿನ ರಕ್ತದಲ್ಲಿ ಸಕ್ಕರೆಯನ್ನು ತೀರ ಇಳಿಸಬಹುದು. ಹಾಲು ಕುಡಿಯುತ್ತಿರುವಾಗ ಅಥವಾ ಕುಡಿದ ಕೂಡಲೇ ಕೊಡಿ.

2. ರಾತ್ರಿ "ಮಲಗಿದೆಯಲ್ಲ, ಮಲಗಲಿ" ಎಂದು ಬಿಡಬೇಡಿ. ಎಳೆಯ ಕೂಸಾದರೆ 4 ಗಂಟೆಗಿಂತ, 4 ತಿಂಗಳು ದಾಟಿದ್ದರೆ 6 ಗಂಟೆಗಿಂತ ಹೆಚ್ಚು ಹೊತ್ತು ಹಾಲಿಲ್ಲದೆ ಇರಬಾರದು. ಎಬ್ಬಿಸಿ ಕುಡಿಸಿ.

3. ವಾಂತಿ, ಭೇದಿ, ಜ್ವರ ಬಂದು ಹಾಲು ಬಿಟ್ಟರೆ ಆ ಹೊತ್ತಿನ ಮದ್ದನ್ನು ನಿಲ್ಲಿಸಿ, ವೈದ್ಯರನ್ನು ಕೇಳಿ. ಮದ್ದು ಕುಡಿದು ಕಕ್ಕಿದರೆ ಮತ್ತೆ ಕೊಡಬೇಡಿ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡರಷ್ಟು ಕೊಡುವುದೂ ಬೇಡ.

4. ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು. ಎರಡರ ನಡುವೆ ಕನಿಷ್ಠ 9 ಗಂಟೆ ಅಂತರವಿರಲಿ. ಬೆಳಿಗ್ಗೆ 7, ಸಂಜೆ 5 ಎಂದು ಇಟ್ಟುಕೊಂಡರೆ ಅನುಕೂಲ.

5. ಒಳಲೆಯಲ್ಲಿ, ಚಮಚದಲ್ಲಿ ಅಂದಾಜು ಬೇಡ. ಸೂಜಿಯಿಲ್ಲದ ಸಿರಿಂಜಿನಲ್ಲೇ ಅಳೆಯಿರಿ. ಮಾತ್ರೆಯನ್ನು ಪುಡಿಮಾಡಿ ನೀರಲ್ಲಿ ಕಲಸಲು ಹೇಳಿದ್ದರೆ, ಎಷ್ಟು ನೀರು, ಎಷ್ಟು ಗೆರೆ ಎಂಬುದನ್ನು ಅವರ ಎದುರೇ ಒಂದು ಸಲ ಮಾಡಿ ತೋರಿಸಿ. ಈ ಮಾತ್ರೆ 10, 20, 40 ಮಿ.ಗ್ರಾಂ ಎಂದು ಬೇರೆ ಬೇರೆ ಸಿಗುತ್ತದೆ. ಅಂಗಡಿಯವರು ಕೊಟ್ಟ ಪಟ್ಟಿಯ ಮೇಲಿನ ಅಂಕಿಯನ್ನು ಪ್ರತಿಸಲವೂ ಚೀಟಿಗೆ ಹೋಲಿಸಿ. 10ರ ಬದಲು 40 ಬಂದರೆ ಕೂಸಿಗೆ ನಾಲ್ಕರಷ್ಟು ಮದ್ದು ಹೋದಂತೆ!

ಕೈಕಾಲು ತಣ್ಣಗಾಗುವುದು, ನಿದ್ದೆ ಸರಿಯಿಲ್ಲದಿರುವುದು ಸಾಮಾನ್ಯ, ಹೆದರಬೇಕಿಲ್ಲ. ಆದರೆ ಮಗು ಬೆವತು ನಡುಗಿದರೆ, ಎಬ್ಬಿಸಿದರೂ ಏಳದೆ ಮಂಕಾದರೆ, ಮೈ ಬಿಳಿಚಿದರೆ, ಉಸಿರಲ್ಲಿ ಸುಯ್ ಎಂಬ ಸದ್ದು ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಎಚ್ಚರವಿದ್ದರೆ ದಾರಿಯಲ್ಲೇ ಹಾಲು ಕುಡಿಸಿ.

ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ ಈ ಕೂಸಿಗೆ ಬೇಡ, ಕೆಮ್ಮು ಉಬ್ಬಸಕ್ಕೆ ದಾರಿ. ಹೊಟ್ಟೆ ಶುದ್ಧಿಗೆಂದು ಹರಳೆಣ್ಣೆ ಕುಡಿಸುವುದಂತೂ ಖಂಡಿತ ಬೇಡ. ಭೇದಿಯಾದ ಕೂಸಿಗೆ ಈ ಮದ್ದು ಅಪಾಯ.

ಎಷ್ಟು ದಿನ ಕೊಡಬೇಕು? ಕನಿಷ್ಠ 6 ತಿಂಗಳು, ಎಷ್ಟೋ ಸಲ ಮೊದಲ ಹುಟ್ಟುಹಬ್ಬದವರೆಗೆ. ಬಣ್ಣ ಬೇಗ ಮಾಸುತ್ತದೆ, ಗಂಟು ನಿಧಾನವಾಗಿ ಕರಗುತ್ತದೆ. "ಹೋಯ್ತಲ್ಲ" ಎಂದು ನಡುವೆ ಬಿಟ್ಟರೆ ಮತ್ತೆ ಬೆಳೆಯಬಹುದು. ಪೂರ್ತಿ ಕೊಟ್ಟ ಮೇಲೂ ಕೆಲವು ಮಕ್ಕಳಿಗೆ ಇನ್ನೊಮ್ಮೆ ಬೇಕಾಗುವುದುಂಟು.

ಸಣ್ಣ, ತೆಳು ಮಚ್ಚೆಗೆ ಟಿಮೊಲಾಲ್ ಎಂಬ ಕಣ್ಣಿನ ಹನಿಯನ್ನು ಮೇಲೆ ಹಚ್ಚಲು ಕೊಡುವುದೂ ಇದೆ. ಅದೂ ಇದೇ ಜಾತಿಯ ಮದ್ದು. ಹೇಳಿದಷ್ಟೇ ಹನಿ ಹಾಕಿ, ಹುಣ್ಣಿನ ಮೇಲೆ ಹಾಕಬೇಡಿ.

ಮನೆಮದ್ದು ಬೇಡ

ಸುಣ್ಣ, ಎಕ್ಕದ ಹಾಲು, ಬೂದಿ ಹಚ್ಚಬೇಡಿ. ದಾರ, ಕೂದಲು ಬಿಗಿಯಬೇಡಿ. ಬರೆ ಎಳೆಯುವವರ ಹತ್ತಿರ ಹೋಗಲೇಬೇಡಿ. ತಾನೇ ಮಾಸಬಹುದಾಗಿದ್ದ ಮಚ್ಚೆ ಹೋಗಿ ಜನ್ಮಕ್ಕಂಟುವ ಸುಟ್ಟ ಕಲೆ ಬರುತ್ತದೆ. ಉಗುರು ತಾಗಿ ರಕ್ತ ಬಂದರೆ ಗಾಬರಿಯಾಗದೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗೇ ಮಚ್ಚೆಯ ನಡುಭಾಗ ಬೆಳ್ಳಗಾದರೆ "ವಾಸಿಯಾಗ್ತಿದೆ" ಎಂದುಕೊಳ್ಳಬೇಡಿ. ಅದು ಹುಣ್ಣಾಗುವ ಸೂಚನೆಯೂ ಆಗಿರಬಹುದು.

ಇನ್ನೊಂದು ಮಾತು. ಹೆಣ್ಣುಕೂಸಿನ ಮುಖದ ಮೇಲೆ ಮಚ್ಚೆ ಕಂಡರೆ "ಮುಂದೆ ಇವಳ ಮದುವೆ ಗತಿ ಏನು?" ಎಂದು ತೊಟ್ಟಿಲ ಪಕ್ಕದಲ್ಲೇ ಕೂತು ನಿಟ್ಟುಸಿರು ಬಿಡುವವರಿದ್ದಾರೆ. ಇಪ್ಪತ್ತು ವರ್ಷದ ಮುಂದಿನ ಮಾತು ಇರಲಿ. ಇಪ್ಪತ್ತು ದಿನದೊಳಗೆ ಆಗಬೇಕಾದ ಕೆಲಸ ಒಂದಿದೆ. ನಿಮ್ಮೂರಿನ ಮಕ್ಕಳ ವೈದ್ಯರನ್ನು ಕೇಳಿ. ಅವರು ಬರೆದುಕೊಟ್ಟರೆ ಜಿಲ್ಲಾ ಆಸ್ಪತ್ರೆಯ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ಹೋಗಿ. "ಒಂದು ವರ್ಷ ಆಗಲಿ, ನೋಡೋಣ" ಎಂದು ಯಾರಾದರೂ ಅಂದರೆ, "ಇದು ಕಾಯಬಹುದಾದ ಜಾಗವೇ?" ಎಂದು ಒಂದೇ ಪ್ರಶ್ನೆ ಕೇಳಿ.

ಕೂಸಿನ ಕಿವಿಗೆ ಬಟ್ಟೆ ಕಟ್ಟಿ, ಬೆಚ್ಚಗೆ ಹೊದಿಸಿ, ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೊರಡಿ. ಅರ್ಧ ದಿನ ಹೊರಗೆ ಹೋಗಿ ಬಂದರೆ ಬಾಣಂತನ ಕೆಡುವುದಿಲ್ಲ.